ಎಡಚನ ಹಿಂದೆ ಕೂತವಳು

ಹಳೆಯ ಸೇತುವೆಯ ಕೆಳಗೆ, ನದಿಯ ದಂಡೆಗೆ ಅಂಟಿಕೊಂಡ ಹಾಗೆ ಹನ್ನೊಂದು ಮನೆಗಳಿವೆ. ಒಂದು ಕಾಲಕ್ಕೆ ನಲವತ್ತಿದ್ದವಂತೆ. ಸೇತುವೆ ಅಗಲ ಮಾಡಿದಾಗ ಅರ್ಧ ಹೋದವು, ದೊಡ್ಡ ನೆರೆ ಬಂದ ವರ್ಷ ಇನ್ನೊಂದಿಷ್ಟು. ಆಮೇಲೆ ಉಳಿದವರಲ್ಲೂ ಕೆಲವರು ಐಸ್ ಫ್ಯಾಕ್ಟರಿಗೆ, ಲಾರಿ ಕೆಲಸಕ್ಕೆ ಅಂತ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಹೋಗದೆ ನಿಂತವರು ಇವತ್ತಿಗೂ ಹಿರಿಯರು ಹಿಡಿದ ಹಾಗೆಯೇ ಮೀನು ಹಿಡಿಯುತ್ತಾರೆ. ಗಂಡ ದೋಣಿಯ ಮುಂದೆ ನಿಂತು ಬಲೆ ಬೀಸುತ್ತಾನೆ, ಹೆಂಡತಿ ಹಿಂದೆ ಕೂತು ಹುಟ್ಟು ಹಾಕುತ್ತಾಳೆ.

ಸಾಲಿನ ಕೊನೆಯ ಮನೆಯವಳನ್ನು ಎಲ್ಲರೂ ಎಡಚನ ಹೆಂಡತಿ ಎನ್ನುತ್ತಾರೆ. ಇಡೀ ದಂಡೆಯಲ್ಲಿ ಎಡಗೈಯಲ್ಲಿ ಬಲೆ ಬೀಸುತ್ತಿದ್ದವನು ಅವಳ ಗಂಡ ಒಬ್ಬನೇ. ಜ್ವರ ಅಂತ ಮಲಗಿದವನು ಆರನೆಯ ದಿನ ಏಳಲಿಲ್ಲ. ಅದಾಗಿ ಎರಡೂವರೆ ತಿಂಗಳು.

ಬಂದ ನೆಂಟರೆಲ್ಲ ಹೊರಟು ಹೋದ ಮೇಲೆ ಅವಳನ್ನು ದುಃಖಕ್ಕಿಂತ ಹೆಚ್ಚಾಗಿ ಕಾಡಿದ್ದು ಸಣ್ಣ ಸಣ್ಣ ಸಂಗತಿಗಳು. ಹದಿನೈದು ದಿನಕ್ಕೆ ಮುಗಿಯುತ್ತಿದ್ದ ಸೋಪು ಈಗ ತಿಂಗಳು ಬರುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗದಲ್ಲಿ ಅರ್ಧ ಜಾಗ ಹಾಗೇ ಉಳಿಯುತ್ತಿತ್ತು. ಮೊದಲು ಬಲೆ, ಬುಟ್ಟಿ ಅವನ ಹೆಗಲಿಗೆ, ಹುಟ್ಟು ಮತ್ತು ಬೀಗ ಅವಳ ಕೈಗೆ. ಈಗ ದೋಣಿಯವರೆಗೆ ಏನು ಒಯ್ಯಬೇಕಾದರೂ ಎರಡೆರಡು ಸಲ ನಡೆಯಬೇಕು. ಬೀಗ ಹಾಕುವಾಗ ಕೈಯಲ್ಲಿದ್ದದ್ದನ್ನೆಲ್ಲ ನೆಲಕ್ಕಿಟ್ಟು, ಹಾಕಿ, ಮತ್ತೆ ಎತ್ತಿಕೊಳ್ಳಬೇಕು. ಆ ಎತ್ತಿಕೊಳ್ಳುವ ಹೊತ್ತಿಗೆ ಅವಳಿಗೆ ಸಾಕಾಗಿ ಹೋಗುತ್ತಿತ್ತು.

ಅಷ್ಟರಲ್ಲಿ ಮೀನುಗಾರರ ಸಂಘದ ಕಾರ್ಯದರ್ಶಿ ಹೇಳಿ ಕಳಿಸಿದ. ಸೇತುವೆಯ ಆಚೆ ಒಂದು ಆಳದ ಮಡುವಿದೆ. ದೊಡ್ಡ ಮೀನು ಇರುವುದು ಅಲ್ಲೇ. ಎಂಟು ದೋಣಿಗಳು, ಎಂಟು ದಿನಕ್ಕೊಮ್ಮೆ ಒಂದೊಂದಕ್ಕೆ ಮಡುವಿನ ಪಾಳಿ. ಮಡು ಇಲ್ಲದವರಿಗೆ ದಂಡೆಯಂಚಿನ ಬೆರಳುದ್ದದ ಮೀನೇ ಗತಿ.

"ನೋಡಮ್ಮ, ಈ ನಿಯಮ ನಾನು ಮಾಡಿದ್ದಲ್ಲ, ನಿನ್ನ ಮಾವನ ಕಾಲದ್ದು," ಎಂದು ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದ. "ಬೀಸೋರೊಬ್ರು, ಹುಟ್ಟು ಹಾಕೋರೊಬ್ರು. ಮೂರು ತಿಂಗಳು ಜೋಡಿ ಇಲ್ಲ ಅಂದ್ರೆ ಪಾಳಿ ಬೇರೆಯವ್ರಿಗೆ."

"ದೋಣಿ ಇದೆ, ಬಲೆ ಇದೆ, ನಾನಿದೀನಿ."

"ನೀನು ಅರ್ಧ, ತಾಯಿ. ಇನ್ನರ್ಧ ತಿಂಗಳ ಕೊನೇ ಒಳಗೆ ಬಂದು ಸಹಿ ಹಾಕ್ಲಿ."

ಅವಳಿಗೆ ಸಿಟ್ಟು ಬರಲಿಲ್ಲ. ತಾನು ಅರ್ಧ ಎಂಬುದು ಬೀಗ ಹಾಕುವಾಗಲೆಲ್ಲ ಗೊತ್ತಾಗುತ್ತಲೇ ಇತ್ತು. ಮನೆಯ ಹಿಂದೆ ಯಾರೂ ನೋಡದಾಗ ತಾನೇ ಬಲೆ ಬೀಸಲು ಹೋದಳು. ಅದು ಹಿಂಡಿದ ಕಂಬಳಿಯ ಹಾಗೆ ಮುದ್ದೆಯಾಗಿ ಕಾಲ ಬುಡದಲ್ಲಿ ಬಿತ್ತು. ಬೀಸುವುದು ಬಂದರೂ ದೋಣಿ ಹಿಡಿಯುವವರು ಯಾರು?

ನಾಲ್ಕನೇ ಮನೆಯವಳು ಮರುದಿನ ಕೆಲಸದಿಂದ ಬರುತ್ತ ಬಾಗಿಲಲ್ಲೇ ನಿಂತಳು. ಅವಳ ಗಂಡನಿಗೆ ಊರೆಲ್ಲ ಇಟ್ಟ ಹೆಸರು ರೇಡಿಯೋ. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

"ಅಕ್ಕಾ, ನಮ್ಮನೆ ರೇಡಿಯೋನ ಕರ್ಕೊಂಡು ಹೋಗು. ನಮ್ಮ ದೋಣಿಯಂತೂ ನೆರೇಲಿ ಕೊಚ್ಕೊಂಡು ಹೋಯ್ತು. ನನ್ನ ಮಂಡಿ ಇನ್ನು ಮಡಚೋಕೆ ಬರಲ್ಲ, ಐಸ್ ಫ್ಯಾಕ್ಟರೀಲಿ ನಿಂತ್ಕೊಂಡೇ ಕೆಲಸ."

"ಜನ ಏನಾದ್ರೂ ಅಂದ್ರೆ?"

"ಏನಂತಾರೆ? ನಾಲ್ಕು ಗಂಟೆ ಅವನ ಮಾತು ಕೇಳ್ಕೊಂಡು ಕೂತ್ಲಲ್ಲ, ಪಾಪ ಅಂತಾರೆ. ಬೆಳಿಗ್ಗೆ ಹೊತ್ತು ನನ್ನ ಕಿವಿಗೂ ರಜ ಸಿಗುತ್ತೆ."

ಮೂರನೆಯ ದಿನ ಬೆಳಕು ಹರಿಯುವಾಗ ರೇಡಿಯೋ ಅವಳ ದೋಣಿಯ ಮುಂದೆ ನಿಂತ. ಅಗಲ ಬೆನ್ನು, ದಪ್ಪ ಕತ್ತು, ಕಾಲರ್ ಇರುವ ಅಂಗಿ. ಮಾತಿನ ಮಧ್ಯೆ ಪ್ರತಿ ಸಲ ತಿರುಗಿ ಅವಳ ಮುಖ ನೋಡುತ್ತಿದ್ದ. ಎಡಚ ಯಾವತ್ತೂ ತಿರುಗಿದವನಲ್ಲ. ಇಪ್ಪತ್ತೆಂಟು ವರ್ಷ ನದಿಯ ಮೇಲೆ ಅವಳು ಕಂಡದ್ದು ಅವನ ಬೆನ್ನು. ಎಡ ಹೆಗಲ ಕೆಳಗಿನ ಮಚ್ಚೆ, ತಾನೇ ಹೊಲಿದ ಬನಿಯನ್ನಿನ ತೂತು, ಬೀಸುವ ಮುನ್ನ ಅವನು ಒಂದು ಗಳಿಗೆ ಉಸಿರು ಹಿಡಿಯುವ ರೀತಿ. ಈಗ ಕಣ್ಣು ಮುಚ್ಚಿದರೆ ಬರುವುದೂ ಅವನ ಬೆನ್ನೇ, ಮುಖಕ್ಕಾದರೆ ಫೋಟೋ ನೋಡಬೇಕು.

ಹೊಸದಾಗಿ ಮದುವೆಯಾಗಿ ಬಂದಾಗ ಹುಟ್ಟು ಹಿಡಿಯಲು ಕಲಿಸಿದವಳು ಅತ್ತೆ. "ನೀರು ನೋಡ್ಬೇಡ ಕಣೇ, ಅವನ ಭುಜ ನೋಡು," ಎನ್ನುತ್ತಿದ್ದಳು. ಬಲಗೈಯವರು ಬೀಸಿದ ಬಲೆ ದೋಣಿಯ ಎಡಕ್ಕೆ ಬೀಳುತ್ತದೆ. ಎಡಚನದು ಬಲಕ್ಕೆ. ಬಲೆ ಕೈಬಿಟ್ಟ ಕ್ಷಣದಲ್ಲೇ ಹಿಂದಿನವಳು ದೋಣಿಯನ್ನು ಬಲೆಯಿಂದ ಆಚೆಗೆ ತಿರುಗಿಸಬೇಕು, ಇಲ್ಲದಿದ್ದರೆ ದೋಣಿ ಬಲೆಯ ಮೇಲೇ ಹತ್ತುತ್ತದೆ. ಊರಿನ ಹೆಂಗಸರೆಲ್ಲ ಬಲಕ್ಕೆ ತಿರುಗಿಸಿದರೆ ಇವಳೊಬ್ಬಳು ಎಡಕ್ಕೆ ತಿರುಗಿಸುತ್ತಿದ್ದಳು.

ರೇಡಿಯೋ ಬಲೆ ಬೀಸಿದ. ಅದು ಎಡಕ್ಕೆ ಬಿತ್ತು. ಅವಳ ಕೈ ತನ್ನಷ್ಟಕ್ಕೆ ತಾನೇ ದೋಣಿಯನ್ನು ಎಡಕ್ಕೆ ತಿರುಗಿಸಿತು, ನೇರ ಬಲೆಯ ಮೇಲೆ.

ಮೊದಲ ದಿನ ರೇಡಿಯೋ ನಕ್ಕ. "ಮೀನು ಹಿಡಿಯೋಕೆ ಬಂದ್ವೋ, ಬಲೆ ಇಸ್ತ್ರಿ ಮಾಡೋಕೋ ಅತ್ತಿಗೆ?" ಎರಡನೆಯ ದಿನ ದೋಣಿಯ ಅಡಿಗೆ ಸಿಕ್ಕ ಬಲೆ ಮುಳುಗಿದ್ದ ಹಳೆಯ ಗೂಟಕ್ಕೆ ತಗುಲಿ ಮೊಳದುದ್ದ ಹರಿಯಿತು. ರೇಡಿಯೋ ಬಲೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತ.

"ಅತ್ತಿಗೆ, ಬೇಜಾರು ಮಾಡ್ಕೋಬೇಡ. ನೀನಿನ್ನೂ ಅಣ್ಣನ್ನೇ ಮುಂದೆ ನಿಲ್ಲಿಸ್ಕೊಂಡು ಹುಟ್ಟು ಹಾಕ್ತಿದೀಯ. ನಾನು ಬಲಗೈಯವನು."

"ಗೊತ್ತು."

"ನಿನಗೆ ಗೊತ್ತು. ನಿನ್ನ ಕೈಗೆ ಗೊತ್ತಿಲ್ಲವಲ್ಲ." ಅವನ ದನಿ ಇಳಿಯಿತು. "ಬರೋ ಗುರುವಾರ ನಮ್ಮ ಪಾಳಿ. ಅವತ್ತೂ ಹೀಗೇ ಆದ್ರೆ ನಾನು ಸಹಿ ಹಾಕಲ್ಲ. ನನಗಿರೋದು ಇದೊಂದೇ ಬಲೆ."

"ನಿಮ್ಮಣ್ಣನ ಬಲೆ ಮನೇಲಿದೆಯಲ್ಲ," ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅದನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ.

ಹರಿದ ಬಲೆಯನ್ನು ಕೇಳಿ ಇಸಿದುಕೊಂಡು ಮನೆಗೆ ಒಯ್ದು ಎರಡು ಸಂಜೆ ಕೂತು ಕಣ್ಣು ಕಣ್ಣಾಗಿ ಹೆಣೆದಳು. ಮಧ್ಯಾಹ್ನ ಊರು ಉಂಡು ಮಲಗಿರುವಾಗ ಒಬ್ಬಳೇ ದೋಣಿ ಇಳಿಸಿದಳು. ಮುಂದೆ ಗಂಡಸಿನ ಭಾರ ಇರಲಿ ಅಂತ ಮರಳು ತುಂಬಿದ ಎರಡು ಚೀಲ ಇಟ್ಟಳು. ಹುಟ್ಟನ್ನು ಬಲಗಡೆ ಎಳೆದರೆ ದೋಣಿ ಎಡಕ್ಕೆ ತಿರುಗುತ್ತದೆ, ಎಡಗಡೆ ಎಳೆದರೆ ಬಲಕ್ಕೆ. ಇಷ್ಟು ವರ್ಷ ಬಲಗಡೆ ಹುಟ್ಟನ್ನು ಆಳಕ್ಕೆ ಇಳಿಸಿ ಎಳೆಯುತ್ತಿದ್ದವಳು ಈಗ ಎಡಗಡೆ ಎಳೆಯಬೇಕು. ಮೊದಲ ದಿನ ದೋಣಿ ತನ್ನ ಸುತ್ತ ತಾನೇ ಗಿರಗಿರ ತಿರುಗಿತು. ಮಲಗದೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕೆಲವರಿಗೆ ಒಳ್ಳೆಯ ತಮಾಷೆ ಸಿಕ್ಕಿತು.

"ಏನಕ್ಕಾ, ದೋಣಿಗೆ ತಲೆಸುತ್ತಾ?"

"ಹೂಂ ಕಣ್ರೇ, ಯಾರಾದ್ರೂ ಒಂದು ನಿಂಬೆಹಣ್ಣು ತಂದ್ಕೊಡಿ!"

ಅವರು ನಕ್ಕರು, ಅವಳೂ ನಕ್ಕಳು. ಆಮೇಲೆ ಅವರು ಬಟ್ಟೆ ಹಿಂಡಿಕೊಂಡು ಮನೆಗೆ ಹೋದರು. ನದಿಯ ಮೇಲೆ ಅವಳು ಮತ್ತು ಎರಡು ಮರಳಿನ ಚೀಲ. ಅಂಗೈಯಲ್ಲಿ ಹೊಸ ಜಾಗದಲ್ಲಿ ಬೊಬ್ಬೆ ಎದ್ದವು. ನಾಲ್ಕನೆಯ ಮಧ್ಯಾಹ್ನ ದೋಣಿ ಒಮ್ಮೆಗೇ ಬಲಕ್ಕೆ ಸರಾಗವಾಗಿ ಹೊರಳಿತು. ಖುಷಿಯಾಗಿ ಹೇಳಿಕೊಳ್ಳಲು ತಲೆ ಎತ್ತಿದಳು. ಚೀಲಗಳು ಇದ್ದಲ್ಲೇ ಇದ್ದವು.

ಗುರುವಾರ ಮಡುವಿನ ನೀರು ಕಪ್ಪಗೆ, ಅಲುಗದೆ ನಿಂತಿತ್ತು. ರೇಡಿಯೋ ಹೆಗಲ ಮೇಲೆ ಬಲೆ ಸರಿಮಾಡಿಕೊಂಡ. ಅವಳು ಎಡ ಭುಜದತ್ತ ಹೊರಟ ಕಣ್ಣನ್ನು ಎಳೆದು ತಂದು ಅವನ ಬಲ ಭುಜಕ್ಕೆ ನೆಟ್ಟಳು. ಭುಜ ಏರಿತು. ಬಲೆ ಕೈಬಿಟ್ಟಿತು. ಹುಟ್ಟು ಎಡಗಡೆಯ ನೀರಿಗೆ ಇಳಿಯಿತು, ದೋಣಿ ಬಲಕ್ಕೆ ಸರಿಯಿತು, ಬಲೆ ತಟ್ಟೆಯ ಹಾಗೆ ದುಂಡಗೆ ಹರಡಿ ಮುಳುಗಿತು. ರೇಡಿಯೋ ಮಾತೇ ಆಡಲಿಲ್ಲ. ಎಳೆದಾಗ ಆರು ಮೀನು, ಅದರಲ್ಲೊಂದು ಮೊಣಕೈ ಉದ್ದದ್ದು.

"ಅತ್ತಿಗೆ, ಕೈಗೂ ಗೊತ್ತಾಯ್ತು ಬಿಡು," ಎಂದ, ಈ ಸಲ ತಿರುಗದೆ.

ಹನ್ನೊಂದು ಸಲ ಬೀಸಿದ್ದರಲ್ಲಿ ಒಂದು ಸಲ ಮಾತ್ರ ತಪ್ಪಿತು. ಹತ್ತು ಗಂಟೆಗೆ ಸಂಘದ ಕೋಣೆಯಲ್ಲಿ ರೇಡಿಯೋ ಸಹಿ ಹಾಕಿದ. ಕಾರ್ಯದರ್ಶಿ "ಪಾಳಿ ಉಳೀತಲ್ಲ ತಾಯಿ, ಒಳ್ಳೇದಾಯ್ತು," ಎಂದ. ರೇಡಿಯೋ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದ. ದೋಣಿಯನ್ನು ಮನೆಯ ದಂಡೆಗೆ ತರುವುದು ಅವಳ ಪಾಲಿಗೆ ಬಿತ್ತು.

ನದಿಯ ನಡುವೆ ಬಂದಾಗ ಸುತ್ತ ಯಾರೂ ಇರಲಿಲ್ಲ. ಒಂದು ಸಲ, ಬರೀ ಒಂದು ಸಲ, ಹಳೆಯ ಹಾಗೆ ತಿರುಗಿಸಿ ನೋಡೋಣ ಅನ್ನಿಸಿತು. ಹುಟ್ಟನ್ನು ಬಲಗಡೆಗೆ ತಂದಳು. ಎದುರಿಗೆ ಎಡಚನ ಬೆನ್ನನ್ನು ತಂದುಕೊಂಡಳು, ಎಡ ಭುಜ ಏರುವವರೆಗೂ ಕಾದಳು. ಕೈ ಒಂದು ಗಳಿಗೆ ಅನುಮಾನಿಸಿತು, ಎತ್ತ ಎಂದು ಕೇಳುವ ಹಾಗೆ. ಆ ಒಂದು ಗಳಿಗೆ ಈ ಮೊದಲು ಯಾವತ್ತೂ ಇರಲಿಲ್ಲ.

ಮತ್ತೊಮ್ಮೆ ಮಾಡಿದ್ದರೆ ಬರುತ್ತಿತ್ತೇನೋ. ಆದರೆ ನಾಳೆ ಬೆಳಿಗ್ಗೆ ಐದಕ್ಕೆ ರೇಡಿಯೋ ಬರುತ್ತಾನೆ, ಕೈಗೆ ಗಲಿಬಿಲಿ ಮಾಡುವುದು ಬೇಡ. ಅವಳು ಹುಟ್ಟನ್ನು ಎಡಗಡೆಗೆ ದಾಟಿಸಿ ದಂಡೆಯ ಕಡೆಗೆ ಹೊರಟಳು.