ಆರನೇ ನಂಬರಿನವರು

ಯಲಹಂಕದ ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಭಾನುವಾರ ನಮ್ಮ ಐದು ಜನರನ್ನು ಮಾಕಳಿದುರ್ಗ ಬೆಟ್ಟ ಹತ್ತಿಸುತ್ತಿದ್ದರು. ಟೈರು ಒತ್ತಿ ನೋಡುವಂತೆ ಬಂಡೆಯನ್ನೂ ಹೆಬ್ಬೆರಳಿನಿಂದ ಒತ್ತಿ, "ಹತ್ತೋದಲ್ಲ, ಇಳಿಯೋದೇ ಬೆಟ್ಟ ಕಣ್ರೀ" ಅನ್ನುತ್ತಿದ್ದರು. ಇಳಿಯುವಾಗ ಅವರು ಯಾವಾಗಲೂ ಎಲ್ಲರಿಗಿಂತ ಹಿಂದೆ.

ಒಂದು ಮೇ ತಿಂಗಳ ಭಾನುವಾರ ನಾವು ತುದಿ ಮುಟ್ಟುವಷ್ಟರಲ್ಲಿ ಆಕಾಶ ಕಪ್ಪಾಯಿತು. ಇಳಿಯೋಣ ಎಂದರು ಅವರು. ಫೋಟೊಗೆ ಐದೇ ನಿಮಿಷ ಅಂತ ಹಟ ಹಿಡಿದವನು ನಾನು. ಅರ್ಧ ದಾರಿಯಲ್ಲಿ ಮಳೆ ಹೊಡೆಯಿತು. ಬಂಡೆಯ ಮೇಲೆ ಕಾಲು ನಿಲ್ಲಲಿಲ್ಲ. ಮರದ ಕಡೆ ಓಡಿದವರನ್ನು ಅವರು ತಡೆದರು.

"ಮರದ ಕೆಳಗೆ ಬೇಡ, ಒಟ್ಟಿಗೂ ಬೇಡ. ದೂರ ದೂರ ಕುಕ್ಕರಗಾಲಲ್ಲಿ ಕೂತ್ಕೊಳ್ಳಿ. ಸಿಡಿಲು ಹೊಡೆದಾಗೆಲ್ಲ ಒಬ್ಬೊಬ್ಬರಾಗಿ ನಂಬರ್ ಕೂಗಿ."

ಮಳೆಯಲ್ಲಿ ಯಾರೂ ಯಾರಿಗೂ ಕಾಣುತ್ತಿರಲಿಲ್ಲ. ಇಳಿಯುತ್ತಿದ್ದ ಸಾಲಿನ ಲೆಕ್ಕದಲ್ಲಿ ನನ್ನದು ಐದು, ಕೊನೆಯ ಆರು ಅವರದ್ದು.

ಒಂದು ಸಿಡಿಲು ತೀರಾ ಹತ್ತಿರ ಬಡಿಯಿತು. ನಾಲ್ಕರವರೆಗೆ ದನಿ ಬಂತು. ನಾನು ಐದು ಎಂದೆ. ಆಮೇಲೆ ಮಳೆಯ ಸದ್ದು ಮಾತ್ರ. ಮತ್ತೆ ಐದು ಅಂತ ಕಿರುಚಿದೆ. ಎಷ್ಟೋ ಹೊತ್ತಿನ ಮೇಲೆ "ಆರು" ಅಂತ ಕೇಳಿಸಿತು. ಅಷ್ಟೊಂದು ನಡುಗುವ ದನಿ ಅವರದ್ದೆಂದು ನಂಬಲಾಗಲಿಲ್ಲ.

ಈಗಲೂ ಗುಡುಗಿದರೆ, ಮನೆಯೊಳಗಿದ್ದರೂ, ನನ್ನ ಬಾಯಿ ಐದು ಅನ್ನುತ್ತದೆ. ಆಮೇಲೆ ಕಾಯುತ್ತೇನೆ.