ದಿಲ್ಲಿಯಮ್ಮನ ತುಪ್ಪಳದ ಕೋಟು

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಹೊಸ ಬಟ್ಟೆ ತೊಟ್ಟು ಎದುರಿಗೆ ಬಂದರೆ ನಾನು ಮುಖ ನೋಡುವುದಿಲ್ಲ, ಹೊಲಿಗೆ ನೋಡುತ್ತೇನೆ. ಅದೂ ಹೊರಗಿನ ಹೊಲಿಗೆಯಲ್ಲ, ಒಳಗಿನದು. ಒಂದು ಮದುವೆಮನೆಯಲ್ಲಿ ಬೀಗಿತ್ತಿಯೊಬ್ಬರ ರವಿಕೆಯ ತೋಳನ್ನು ಮಾತಾಡುತ್ತ ಮಾತಾಡುತ್ತಲೇ ಮಗುಚಿ ನೋಡಿದೆ; ಅವರು ಎದ್ದು ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತರು. ತಿಪಟೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಮೇಡಂ ಆಗಿದ್ದವಳು, ವೃತ್ತಿದೋಷ ಅಂತ ನೀವು ಕ್ಷಮಿಸಬಹುದು. ನಮ್ಮತ್ತೆ ಕ್ಷಮಿಸುತ್ತಿರಲಿಲ್ಲ. “ಇವಳ ಕೈಗೆ ಇರುವೆ ಹತ್ಕೊಂಡವೆ ಕಣ್ಲಾ” ಎಂದು ಮಗನ ಹತ್ತಿರ ದೂರುತ್ತಿದ್ದರು. ನಿಜವೇ. ಕೂತಲ್ಲಿ ಕೂರುವ ಜೀವ ನನ್ನದಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಹಾಲು ಉಕ್ಕಿತೇನೋ ಅಂತ ನೋಡಿ ಬಂದೆ. ಒಲೆಯ ಮೇಲೆ ಹಾಲೇ ಇಟ್ಟಿರಲಿಲ್ಲ.

ಇಂಥವಳ ಕೈಗೆ ಒಮ್ಮೆ ಮಿಂಕ್ ತುಪ್ಪಳದ ಕೋಟೊಂದು ಬಂತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ನಮ್ಮ ಉಂಡೆ ಕೊಬ್ಬರಿ ದಿಲ್ಲಿಗೆ ಹೋಗುತ್ತಿತ್ತು, ಅಲ್ಲಿನ ಸೇಟು ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತಿದ್ದರು. ಆ ವರ್ಷ ಮಾಘದಲ್ಲಿ ತಮ್ಮ ತಾಯಿಯನ್ನೂ ಕರೆತಂದರು. ಆಕೆ ತಿಪಟೂರು ಸ್ಟೇಷನ್ನಿನಲ್ಲಿ ಮಟಮಟ ಮಧ್ಯಾಹ್ನ ಕಾಲಿನ ಮೀನಖಂಡದವರೆಗೆ ಇಳಿಬಿದ್ದ ಕಂದು ತುಪ್ಪಳದ ಕೋಟು ತೊಟ್ಟು ಇಳಿದಾಗ ಜಟಕಾ ಕುದುರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಜಟಕಾದವನೂ ಸರಿದ. ಪೆಟ್ಟಿಗೆಯಲ್ಲಿಟ್ಟರೆ ಮಡಿಕೆ ಬೀಳುತ್ತದೆ ಅಂತ ದಿಲ್ಲಿಯಿಂದ ಮೈಮೇಲೇ ಹೊತ್ತು ತಂದಿದ್ದರು ಪಾಪ. ನಮ್ಮತ್ತೆ ಅಂದೇ ಆಕೆಗೆ ದಿಲ್ಲಿಯಮ್ಮ ಎಂದು ಹೆಸರಿಟ್ಟರು.

ನಾನು ಹಿಂದಿ ಪರೀಕ್ಷೆ ಕಟ್ಟಿದ್ದವಳಾದ್ದರಿಂದ ನಮ್ಮಿಬ್ಬರಿಗೆ ಮಾತು ಕೂಡಿತು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಒಂದು ವರ್ಷ ಲಂಡನ್ನಿನಲ್ಲಿದ್ದರಂತೆ. ಆಗ ಅವರು ಕೊಡಿಸಿದ ಕೋಟು. “ನಾವಿಬ್ಬರೂ ಜಗಳವಾಡದೆ ಕಳೆದದ್ದು ಅದೊಂದೇ ವರ್ಷ” ಎಂದು ನಕ್ಕರು. ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಆಕೆ ಇಲ್ಲಿಂದ ಮದರಾಸಿನ ಮಗಳ ಮನೆಗೆ ಹೋಗಿ, ಕಾರ್ತಿಕ ಕಳೆದು ದಿಲ್ಲಿಗೆ ಚಳಿ ಬೀಳುವ ಹೊತ್ತಿಗೆ ವಾಪಸು ಹೋಗುವವರಿದ್ದರು. ಮದರಾಸಿನ ಸೆಕೆಗೆ ತುಪ್ಪಳದ ಕೋಟೇ? “ನೀನು ಬಟ್ಟೆ ಬಲ್ಲವಳು. ದಿಲ್ಲಿಗೆ ಹೋಗುವಾಗ ಇಲ್ಲಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ. ಜೋಪಾನ ಮಗಳೇ, ಅವರದು ಅಂತ ನನ್ನ ಹತ್ತಿರ ಉಳಿದಿರುವುದು ಇದೊಂದೇ” ಎಂದು ನನ್ನ ಕೈಗೆ ಕೊಟ್ಟರು. ನಾನು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅವತ್ತು ಆ ಕೋಟು ನನ್ನ ಪಾಲಿಗೆ ಒಂದು ಬಟ್ಟೆ ಆಗಿ ಉಳಿಯಲಿಲ್ಲ, ಕೊಟ್ಟ ಮಾತಾಯಿತು.

ಅವರ ರೈಲು ಹೊರಟ ಸಂಜೆಯೇ ನಾನು ಮಾಡಬಾರದ್ದನ್ನು ಮಾಡಿದೆ. ಬೆಂಗಳೂರಿನಲ್ಲಿ ಹೊಲಿಗೆ ತರಬೇತಿಗೆ ಇದ್ದಾಗ, ಯಾವಳೋ ದೊರೆಸಾನಿ ಬಿಟ್ಟುಹೋದ ಐವತ್ತರ ದಶಕದ ಫ್ಯಾಷನ್ ಪತ್ರಿಕೆಗಳ ಕಟ್ಟೊಂದು ಅಲ್ಲಿತ್ತು. ಅದರಲ್ಲಿ ಇಂಥ ಕೋಟುಗಳನ್ನು ಕಣ್ಣು ನೋಯುವಷ್ಟು ನೋಡಿದ್ದೆ. ಒಬ್ಬೊಬ್ಬ ಡಿಸೈನರನದು ಒಂದೊಂದು ಚಪಲ. ಒಬ್ಬ ಮೊರದಗಲ ಕಾಲರು ಇಡುತ್ತಾನೆ. ಇನ್ನೊಬ್ಬ ಬೆನ್ನಿನ ಕಡೆ ಇಡೀ ಸಂಸಾರ ಹಿಡಿಸುವಷ್ಟು ಘೇರು ಬಿಡುತ್ತಾನೆ. ಮತ್ತೊಬ್ಬ ಮಹರಾಯ, ಬಳೆ ಕಾಣಲಿ ಅಂತ ತೋಳನ್ನು ಮುಕ್ಕಾಲಿಗೇ ಕತ್ತರಿಸುತ್ತಾನೆ. ಚಳಿಗೆ ಅಂತ ಹೊಲಿದ ಕೋಟು, ಮುಂಗೈ ಬೆತ್ತಲೆ! ಎಷ್ಟೋ ಕೋಟುಗಳಿಗೆ ಗುಂಡಿಯೇ ಇರಲಿಲ್ಲ. ತೊಟ್ಟವಳು ಸದಾ ಒಂದು ಕೈಯಿಂದ ಎದೆಯ ಹತ್ತಿರ ಹಿಡಿದುಕೊಂಡೇ ಇರಬೇಕು. ಹಾಗೆ ಹಿಡಿದುಕೊಂಡು ನೀರು ಸೇದಲಾಗದು, ರೊಟ್ಟಿ ತಟ್ಟಲಾಗದು, ಮಗುವಿನ ಮೂಗು ಒರೆಸಲಾಗದು. ಈಕೆಗೆ ಕೆಲಸವಿಲ್ಲ ಎಂದು ಊರಿಗೆಲ್ಲ ಸಾರುವ ಉಡುಪು ಅದು ಎಂದು ನನಗೆ ಅನ್ನಿಸಿದ್ದು ಆಮೇಲೆ. ಆಗ ಮಾತ್ರ ಬಾಯಿ ಬಿಟ್ಟುಕೊಂಡು ನೋಡಿದ್ದೆ.

ಪತ್ರಿಕೆಯ ಚಿತ್ರ ಒಳಗಿನ ಹೊಲಿಗೆ ತೋರಿಸುವುದಿಲ್ಲ. ಈಗ ಒಂದು ನಿಜವಾದ ಕೋಟು ನನ್ನ ಮಂಚದ ಮೇಲೆ ಬಿದ್ದಿದೆ. ತಡೆಯಲಾಗಲಿಲ್ಲ. ಕೆಳಅಂಚಿನಲ್ಲಿ ಒಂದು ಗೇಣು ಲೈನಿಂಗ್ ಬಿಚ್ಚಿಯೇಬಿಟ್ಟೆ.

ಅಯ್ಯೋ, ಏನು ಹೇಳಲಿ! ಮಿಂಕ್ ಅಂದರೆ ನಮ್ಮ ಮುಂಗುಸಿಯಷ್ಟು ಮೈಯಿನ ಪ್ರಾಣಿ. ಅದರ ಗಿಡ್ಡ ತೊಗಲು ಭುಜದಿಂದ ಮೀನಖಂಡಕ್ಕೆ ಮುಟ್ಟುವುದು ಹೇಗೆ? ಒಂದೊಂದು ತೊಗಲನ್ನೂ ಓರೆಯಾಗಿ ಕಡ್ಡಿಯಗಲದ ಪಟ್ಟಿಗಳಾಗಿ ಸೀಳಿ, ಒಂದೊಂದನ್ನೂ ಕೊಂಚ ಕೆಳಕ್ಕೆ ಜಾರಿಸಿ ಮತ್ತೆ ಹೊಲಿದಿದ್ದಾರೆ. ತೊಗಲು ಅಗಲದಲ್ಲಿ ಕಳೆದುಕೊಂಡು ಉದ್ದದಲ್ಲಿ ಬೆಳೆದಿದೆ. ಹೊರಗಿನಿಂದ ನೋಡಿದರೆ ಒಂದೇ ಪ್ರಾಣಿ ನೀರಿನ ಹಾಗೆ ಇಳಿದಂತಿದೆ. ಒಳಗೆ ಲೆಕ್ಕವಿಲ್ಲದಷ್ಟು ಹೊಲಿಗೆ. ಕಾಲರಿನ ಕೆಳಗೆ ಜರಿದಾರದಲ್ಲಿ ಡಿಸೈನರನ ಹೆಸರು ಮೆರೆಯುತ್ತಿತ್ತು. ಈ ಹೊಲಿಗೆ ಹಾಕಿ ಕಣ್ಣು ಕಳೆದುಕೊಂಡ ಹುಡುಗಿಯರ ಹೆಸರು ಎಲ್ಲಿಯೂ ಇರಲಿಲ್ಲ. ಇರಲಿ, ಚಿಕ್ಕನಾಯಕನಹಳ್ಳಿ ಕಡೆಯ ಕಂಬಳಿ ಹೊದ್ದು ಬೆಳೆದವಳು ನಾನು. ನೇದವರ ಹೆಸರು ಯಾವತ್ತಾದರೂ ಕೇಳಿದ್ದೆನೇ? ಬಿಚ್ಚಿದ್ದನ್ನು ನಮ್ಮ ಸ್ಕೂಲಿನ ಅರುವತ್ತನೇ ನಂಬರಿನ ಸಾದಾ ದಾರದಲ್ಲಿ ಹೊಲಿದುಬಿಟ್ಟೆ. ಅವರ ರೇಷ್ಮೆ ದಾರ ನನ್ನ ಹತ್ತಿರ ಎಲ್ಲಿತ್ತು?

ಮಾರನೆಯ ದಿನ ಅತ್ತೆ ತಕರಾರು ತೆಗೆದರು. “ಮೈಮ್ಯಾಲೆ ಲಿಂಗ ಕಟ್ಟಿರೋರ ಮನೆ. ಸತ್ತ ಪ್ರಾಣಿ ತೊಗಲು ನಡುಮನೇಲಿ ಇಟ್ಕಂಡು ಕೂರಾಕಾಯ್ತದಾ?”

“ಶಿವನೇ ಹುಲಿ ಚರ್ಮ ಉಟ್ಟವ್ನಲ್ಲ ಅತ್ತೆ” ಎಂದೆ.

“ಅವನಿರೋದು ಕೈಲಾಸದಾಗೆ, ಅಲ್ಲಿ ಚಳಿ. ನಿಂಗೇನು ಬಂದಿರೋದು ತಿಪಟೂರಲ್ಲಿ?”

“ನಿಮ್ಮ ಚಪ್ಪಲಿ ಯಾತರದು ಮತ್ತೆ?” ಎಂದು ಕೊನೆಯ ಬಾಣ ಬಿಟ್ಟೆ. “ಅದು ಬಾಗಿಲ ಆಚೆಗಿರ್ತದೆ” ಎಂದರು. ಕೋಟನ್ನು ಬಾಗಿಲಾಚೆಗೆ ಇಡುವಂತಿಲ್ಲ, ನಡುಮನೆಗೆ ಸಲ್ಲದು. ಕಡೆಗೆ ಅವರೇ ತೀರ್ಪು ಕೊಟ್ಟರು: “ಅಟ್ಟಕ್ಕೆ ಹಾಕು. ಅದಕ್ಕಿಂತ ಜೋಪಾನದ ಜಾಗ ಯಾವುದೈತೆ?”

ನಗಬೇಡಿ, ನನಗೂ ಅದು ಸರಿಯೆನ್ನಿಸಿತು. ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಸರಿಯೆನ್ನಿಸುತ್ತಿತ್ತು. ನಾನು ಮಾಯಸಂದ್ರದವಳು, ನಮ್ಮ ತವರಿನಲ್ಲೂ ಜೋಪಾನ ಅಂದರೆ ಅಟ್ಟವೇ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತೇವೆ. ಮೇಲೆ ಹೆಂಚಿನ ಕಾವು, ಕೆಳಗೆ ಅಡಿಗೆಮನೆಯ ಹೊಗೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಬತ್ತಿ, ಕಾಯಿ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ನಡುವೆ ಯಾರೂ ಹತ್ತಕೂಡದು, ಕೆದಕಕೂಡದು. ಅಟ್ಟಕ್ಕೆ ಹೋದದ್ದು ಹೋದಾಗ ಇದ್ದದ್ದಕ್ಕಿಂತ ಚೆನ್ನಾಗಿ ಕೆಳಗೆ ಬರುತ್ತದೆ ಎಂಬುದು ನಮಗೆ ನಂಬಿಕೆಯಲ್ಲ, ಕಂಡ ಸತ್ಯ. ಟ್ರಂಕಿನಲ್ಲಿಟ್ಟು ಹತ್ತಿಸೋಣವೆಂದರೆ ಅತ್ತೆ ಬಿಡಲಿಲ್ಲ; ಮುಚ್ಚಿಟ್ಟದ್ದು ಕೊಳೆಯುತ್ತದೆ, ಗಾಳಿಯಾಡಬೇಕು ಎಂದರು. ಕಾಯಿಯ ಮಟ್ಟಿಗೆ ಅದೂ ಸತ್ಯ. ಹಳೇ ಪಂಚೆಯಲ್ಲಿ ಸುತ್ತಿ, ಕಾಯಿಗಳ ಮೇಲೆ ಮಲಗಿಸಿ ಬಂದೆವು.

ಎಲ್ಲ ಮುಗಿದ ಮೇಲೆ ಬೆಂಗಳೂರಿನ ನನ್ನ ಹೊಲಿಗೆ ಗುರುಗಳಿಗೆ ಕಾಗದ ಬರೆದು ಕೇಳಿದೆ. ತುಪ್ಪಳದ ಕೋಟಿಗೆ ಕಾವು ಅಂದರೆ ಮೃತ್ಯು, ತೊಗಲಿನ ಜಿಡ್ಡು ಆರಿ ಅದು ಹಪ್ಪಳವಾಗುತ್ತದೆ. ಆ ದೇಶಗಳಲ್ಲಿ ಬೇಸಿಗೆ ಬಂದರೆ ಕೋಟುಗಳನ್ನು ಅಂಗಡಿಯವರ ತಣ್ಣನೆಯ ಕೋಣೆಗಳಿಗೆ ಕಳಿಸಿ ಕಾಪಾಡುತ್ತಾರೆ ಎಂದು ಬರೆದರು. ಅವರು ತಣ್ಣಗಿನ ಕೋಣೆ ಕಟ್ಟಿದರು, ನಾವು ಊರಿನಲ್ಲೇ ಅತಿ ಬಿಸಿಯಾದ ಜಾಗ ಹುಡುಕಿ ಇಟ್ಟೆವು. ಇಬ್ಬರದೂ ಜೋಪಾನವೇ.

ಆ ತಿಂಗಳುಗಳಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಕ್ಲಾಸಿನಲ್ಲಿ ಕಾಜಾ ಹೊಲಿಗೆ ಹೇಳಿಕೊಡುತ್ತಿದ್ದರೂ ಮನಸ್ಸು ಅಟ್ಟದ ಮೇಲೆ. ಏಣಿ ಹತ್ತಿರ ಹೋಗುವುದು, ಎರಡು ಮೆಟ್ಟಿಲು ಹತ್ತುವುದು, ಅತ್ತೆಯ ಕೆಮ್ಮು ಕೇಳಿ ಇಳಿಯುವುದು. “ಕಾಯಿ ಕೊಬ್ಬರಿ ಆಗೋದನ್ನ ಕದ್ದು ನೋಡಿದ್ರೆ ಬೇಗ ಆಗ್ತದೇನೆ?” ಅನ್ನುತ್ತಿದ್ದರು. ನನ್ನನ್ನು ಕೊರೆಯುತ್ತಿದ್ದದ್ದು ಕೋಟಲ್ಲ, ಆ ಒಂದು ಗೇಣು ಹೊಲಿಗೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕಾರ್ತಿಕ ಮುಗಿಯುತ್ತ ಬಂತು. ಇನ್ನು ಐದು ದಿನಕ್ಕೆ ಬರುತ್ತೇವೆಂದು ಸೇಟು ಕಾಗದ ಬರೆದರು. ಅತ್ತೆಯ ಅಪ್ಪಣೆ ಸಿಕ್ಕಿದ್ದೇ ತಡ, ಏಣಿ ಹತ್ತಿದೆ. ಪಂಚೆ ಬಿಚ್ಚಿದೆ. ಮುಟ್ಟಿದ ಕಡೆಯೆಲ್ಲ ಕೂದಲು ಕೈಗೆ ಬಂತು. ಎತ್ತಲು ಹೋದರೆ ತೋಳು ಪಟ್ಟನೆ ಸೀಳಿತು. ಕೆಳಅಂಚಿನಲ್ಲಿ, ನಾನು ಸಾದಾ ದಾರದಲ್ಲಿ ಹೊಲಿದಿದ್ದ ಕಡೆಯೇ ಬಾಯಿ ತೆರೆದಿತ್ತು. ಲೈನಿಂಗಿಗೂ ತೊಗಲಿಗೂ ನಡುವೆ ಏನೋ ಮಿಸುಕಿತು. ಬಗ್ಗಿ ನೋಡಿದೆ. ಬೆರಳ ತುದಿಯಷ್ಟು, ಕೆಂಪಗೆ, ಕಣ್ಣು ಬಿಡದ ಐದು ಇಲಿಮರಿಗಳು ತುಪ್ಪಳದ ಎಳೆಗಳ ಹಾಸಿಗೆಯಲ್ಲಿ ಮಲಗಿದ್ದವು.

ನಾನು ಕಿರುಚಿದ್ದಕ್ಕೆ ಅತ್ತೆ ಆ ವಯಸ್ಸಿನಲ್ಲೂ ಏಣಿ ಹತ್ತಿ ಬಂದರು. ನೋಡಿದರು. ಮರಿಗಳನ್ನು ಆಚೆ ಹಾಕಿ, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಎಂದು ನಾನು ಕೈ ಚಾಚಿದರೆ ಪಟ್ಟನೆ ಹಿಡಿದರು.

“ಮುಟ್ಟಬ್ಯಾಡ. ಬಾಣಂತೀನ ಎಬ್ಬಿಸ್ತಾರೇನೆ?”

“ಅತ್ತೆ, ಇಲಿ ಕಣ್ರೀ! ವರ್ಷವೆಲ್ಲ ನೀವೇ ಬೋನು ಇಡ್ತೀರಲ್ಲ!”

“ಬೋನಿಗೆ ಅದಾಗೇ ಬಂದು ಬಿದ್ರೆ ಅದರ ಹಣೇಬರ. ಹೆತ್ತ ಮನೆಗೆ ನಾವೇ ನುಗ್ಗಿದ್ರೆ ನಮ್ಮ ಹಣೇಬರ. ಕಣ್ಣು ಬುಡೋಗಂಟ ಸುಮ್ಕಿರು.”

ದಿಲ್ಲಿಯಮ್ಮ ಬರಲು ಉಳಿದದ್ದು ಐದೇ ದಿನ! ಸತ್ತ ಪ್ರಾಣಿಯ ತೊಗಲನ್ನು ನಡುಮನೆಗೆ ಸೇರಿಸದ ಹೆಂಗಸು, ಬದುಕಿರುವ ಪ್ರಾಣಿಗೆ ಅದೇ ತೊಗಲಿನಲ್ಲಿ ಬಾಣಂತನ ಮಾಡಿಸುತ್ತಿದ್ದರು. ನನಗೆ ಅನ್ನ ಸೇರಲಿಲ್ಲ. ಯಜಮಾನರು “ನಡೆದದ್ದು ನಡೆದಂಗೆ ಹೇಳ್ಬುಡು, ಅಷ್ಟೇಯ” ಎಂದು ನಿರಾಳವಾಗಿ ಎಲೆಯಡಿಕೆ ಹಾಕಿಕೊಂಡರು. ಅತ್ತೆ ಒಮ್ಮೆ ಹತ್ತಿರ ಬಂದು, “ಅಟ್ಟಕ್ಕೆ ಹಾಕ್ಸಿದ್ದು ನಾನು. ನಾನೇ ಒಪ್ಕತೀನಿ, ನೀನು ಬಾಯಿ ಬುಡಬ್ಯಾಡ” ಎಂದು ತಲೆ ಸವರಿದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ಸವರಿದ್ದು ತಡೆಯಲಾಗಲಿಲ್ಲ, ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ದಿಲ್ಲಿಯಮ್ಮ ಬಂದರು. ಕೈಕಾಲು ತೊಳೆದು ಕಾಫಿ ಕುಡಿಯುವಷ್ಟರಲ್ಲಿ ನನ್ನ ಮುಖ ಓದಿಬಿಟ್ಟರು. “ಕೋಟೆಲ್ಲಿ?” ಎಂದರು. ನಾನು ಅಟ್ಟದ ಕಡೆ ಕೈ ತೋರಿಸಿದೆ. ಆಕೆ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿಯೇಬಿಟ್ಟರು. ಕೆಳಗೆ ಸೇಟೂ ನಮ್ಮ ಯಜಮಾನರೂ ಏಣಿ ಹಿಡಿದು ನಿಂತರು. ಹಿಂದೆ ನಾನು, ನನ್ನ ಹಿಂದೆ ಅತ್ತೆ.

ಹೆಂಚಿನ ಸಂದಿಯ ಬೆಳಕಿನಲ್ಲಿ ಆಕೆ ಬಹಳ ಹೊತ್ತು ನೋಡಿದರು. ಹರಿದ ತೋಳನ್ನು ಮೆಲ್ಲಗೆ ಸವರಿದರು. ಕೈತುಂಬ ಕೂದಲು ಬಂತು. ಆಕೆ ಅತ್ತರು. ಮುಖ ಮುಚ್ಚಿಕೊಳ್ಳದೆ, ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಪಕ್ಕದಲ್ಲಿ ಕುಕ್ಕರಿಸಿ, “ನಂದೇ ತಪ್ಪು ಕಣವ್ವ, ಆ ಹುಡುಗೀದಲ್ಲ” ಎಂದು ಅಚ್ಚಗನ್ನಡದಲ್ಲಿ ಎದೆ ಮುಟ್ಟಿ ಮುಟ್ಟಿ ಹೇಳಿದರು.

ಆಗ ನನ್ನ ಕಟ್ಟೆ ಒಡೆಯಿತು. ಇಲ್ಲ, ಇಲಿಗೆ ಬಾಗಿಲು ತೆಗೆದವಳು ನಾನು. ನೀವು ಬೆನ್ನು ತಿರುಗಿಸಿದ ಸಂಜೆಯೇ ಲೈನಿಂಗ್ ಬಿಚ್ಚಿದೆ, ಹೊಲಿಗೆ ನೋಡುವ ಆಸೆಗೆ ಬಿಚ್ಚಿದೆ, ಸಾದಾ ದಾರ ಹಾಕಿದೆ, ಒಂಬತ್ತು ತಿಂಗಳು ಬಾಯಿಬಿಡಲಿಲ್ಲ ಎಂದು ಹಿಂದಿಯಲ್ಲಿ ಶುರುಮಾಡಿ, ಹಿಂದಿ ಮುಗಿದು, ಕನ್ನಡದಲ್ಲಿ ಬಡಬಡಿಸತೊಡಗಿದೆ. ಅತ್ತೆ ಬೆರಗಾಗಿ ನನ್ನನ್ನೇ ನೋಡಿದರು. ದಿಲ್ಲಿಯಮ್ಮ ಕಣ್ಣೊರೆಸಿಕೊಂಡು ಕೆಳಅಂಚಿನ ಹತ್ತಿರ ಬಗ್ಗಿದರು. ಒಳಗೆ ತಾಯಿಯೂ ಇತ್ತು. ಅಷ್ಟು ಗಲಾಟೆಯಲ್ಲೂ ಮರಿಗಳನ್ನು ಬಿಟ್ಟು ಓಡಿರಲಿಲ್ಲ.

“ಇದನ್ನು ತೊಟ್ಟು ಎಷ್ಟೋ ಪಾರ್ಟಿಗೆ ಹೋಗಿದ್ದೇನೆ” ಎಂದರು ಆಕೆ, ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ. “ಅಲ್ಲಿ ಯಾರಿಗೂ ಚಳಿಯೇ ಇರುತ್ತಿರಲಿಲ್ಲ.”

ಕ್ಷಮಿಸಿದರೋ ಇಲ್ಲವೋ ತಿಳಿಯದೆ, ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ: ದಾರ, ಗೇಣು, ನನ್ನ ಕೈಯ ಚಪಲ. ಆಕೆ ತಿರುಗಿ ನೋಡಲೂ ಇಲ್ಲ. ಹರಿದ ಲೈನಿಂಗನ್ನು ಮರಿಗಳ ಮೇಲೆ ಎಳೆದು, ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗೆ ಮಗಳೇ. ಈಗ ತಾನೇ ಮಲಗಿವೆ.”