ಸುಣ್ಣ ಕೇಳಿದ ಹದಿನಾಲ್ಕರ ಹುಡುಗ

“ಆಯಿ, ಒಂಚೂರು ಸುಣ್ಣ ಕೊಡ್ರಿ,” ಎಂದು ಅಂಗೈಯಲ್ಲಿ ತಂಬಾಕು ಹಿಡಿದು ನಿಂತವನು ಹದಿನಾಲ್ಕು ವರ್ಷದೊಳಗಿನವರ ಕಬಡ್ಡಿ ಆಟಗಾರನಂತೆ! ಗದ್ದದ ಮೇಲೆ ಅಂದೇ ಬೆಳಿಗ್ಗೆ ದಾಡಿ ಬೋಳಿಸಿದ ಹಸಿರು. ಸವದತ್ತಿಯ ಮೈದಾನದಲ್ಲಿ ಈಗಷ್ಟೇ ನನ್ನ ಮೊಮ್ಮಗನನ್ನು ಎತ್ತಿ ಒಗೆದು, ಅವನ ತಂಡವನ್ನು ಸೋಲಿಸಿ ಬಂದಿದ್ದ.

ನಾನು ಅವನ ಮಾಸ್ತರರನ್ನೇ ಕರೆದು ಇವನ ವಯಸ್ಸೆಷ್ಟೆಂದು ಕೇಳಿದೆ. ಅವರು ಹಲ್ಲು ಕಿಸಿದು, “ಕಾಗದ ಎಲ್ಲಾ ಬರೋಬ್ಬರಿ ಅದಾವ್ರೀ ಅಮ್ಮಾರ,” ಎಂದರು.

“ಹೌದ್ರಿ, ಕಾಗದಕ್ಕ ದಾಡಿ ಬರೂದಿಲ್ಲಲ್ಲ!” ಎಂದು ಸುಣ್ಣದ ಡಬ್ಬಿ ಮುಚ್ಚಿದೆ.

ಮರಳುವಾಗ ಬಸ್ಸಿನಲ್ಲಿ ಮೊಮ್ಮಗ ಊದಿದ ಮೊಣಕೈ ಹಿಡಿದುಕೊಂಡು, “ಆಯಿ, ಬರೂ ವರ್ಷ ನನ್ನ ವಯಸ್ಸೂ ಕಡಿಮಿ ಬರಸೂಣು,” ಎಂದ. ನಾವು ಹೇಳಿಕೊಡದ ಪಾಠವನ್ನು ಒಂದೇ ಆಟದಲ್ಲಿ ಕಲಿಸಿದ ಆ ಮಾಸ್ತರರಿಗೆ ಶಾಲು ಹೊದಿಸಲಿಲ್ಲವಲ್ಲ ಎಂಬುದೊಂದೇ ನನ್ನ ಕೊರಗು.